ಠಸ್ಸೆ ಹೋಯಿತು, ಲೆಕ್ಕ ಬಂತು

ಮಗಳು ಮ್ಯೂನಿಕ್‌ನಲ್ಲಿ, ಮಗ ನ್ಯೂಜೆರ್ಸಿಯಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ. ಮಗಳಿಗೆ ಮಾರ್ಚಿನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೊರಡಬೇಕು, ನಾಮಕರಣದ ಹೊತ್ತಿಗೆ ಮಗ ಅಮೆರಿಕದಿಂದ ಬಂದು ಸೇರಬೇಕು. ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಲು ಕಷ್ಟಪಡಬೇಕಾಗಿಲ್ಲ. ಕುವೆಂಪುನಗರದಲ್ಲೋ ಜಯನಗರದಲ್ಲೋ ಬೀದಿಗೆ ಒಂದೆರಡು ಸಿಗುತ್ತವೆ. ಹತ್ತು ವರ್ಷದ ಹಿಂದೆ ಇಂಥ ಅಮ್ಮನ ಚಿಂತೆ ಸ್ವೆಟರು, ಲಗೇಜಿನ ತೂಕ, ಮೆಂತ್ಯದ ಹಿಟ್ಟು ಇವುಗಳ ಸುತ್ತ ಸುತ್ತುತ್ತಿತ್ತು. ಈಗ ಅವರ ವಾಟ್ಸ್‌ಆ್ಯಪ್‌ಗೆ ದಿನಕ್ಕೊಂದು ಸುದ್ದಿ ಬಂದು ಬೀಳುತ್ತದೆ: ಯುರೋಪಿಗೆ ಹೊಸ ಪರವಾನಗಿ, ಗಡಿಯಲ್ಲಿ ಬೆರಳಚ್ಚು, ಶುಲ್ಕ ಹೆಚ್ಚು ಕಡಿಮೆ ಮೂರು ಪಟ್ಟು. ಮೂರೂ ಸುಳ್ಳಲ್ಲ. ಆದರೆ ಮೂರೂ ಅಮ್ಮನಿಗೆ ಹೇಳಿದ ಮಾತಲ್ಲ.

ಗೊಂದಲದ ಬೇರು ಇಲ್ಲೇ ಇದೆ. ಯುರೋಪಿನ ಗಡಿ ಪ್ರಯಾಣಿಕರ ಮನೆತನ ಕೇಳುವುದಿಲ್ಲ, ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳುತ್ತದೆ. ಅಮೆರಿಕದ ಪೌರತ್ವ ಪಡೆದ ಅಣ್ಣನಿಗೆ ಒಂದು ಕಾನೂನು, ಜರ್ಮನಿಯ ವಾಸದ ಕಾರ್ಡು ಇರುವ ತಂಗಿಗೆ ಇನ್ನೊಂದು, ಭಾರತದ ಪಾಸ್‌ಪೋರ್ಟ್ ಹಿಡಿದ ಅಮ್ಮನಿಗೆ ಮತ್ತೊಂದು. ಹುಟ್ಟಲಿರುವ ಕೂಸಿನದು ಬೇರೆಯೇ ಕತೆ. ಜರ್ಮನಿ 2024ರ ಜೂನ್ 27ರಿಂದ ಪೌರತ್ವ ಕಾನೂನನ್ನು ಬದಲಿಸಿತು. ತಂದೆ ತಾಯಿಗಳಲ್ಲಿ ಒಬ್ಬರು ಐದು ವರ್ಷ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದು, ಕಾಯಂ ವಾಸದ ಹಕ್ಕೂ ಇದ್ದರೆ ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ. ಅಂದರೆ ಅಜ್ಜಿ ವೀಸಾದ ಸಾಲಿನಲ್ಲಿ ನಿಂತಿರುವಾಗ ಮೊಮ್ಮಗು ಆ ಸಾಲಿನ ಗೊಡವೆಯೇ ಇಲ್ಲದೆ ದಾಟಬಹುದು.

ಈ ಸಾಲುಗಳಿಗೆಲ್ಲ ಹೆಸರು ಕೊಟ್ಟದ್ದು ಒಂದು ಪುಟ್ಟ ಹಳ್ಳಿ. ಲಕ್ಸೆಂಬರ್ಗಿನ ಆಗ್ನೇಯ ತುದಿಯಲ್ಲಿ, ಮೊಸೆಲ್ ನದಿಯ ದಂಡೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಶೆಂಗೆನ್ ಇದೆ. ಎದುರು ದಂಡೆ ಜರ್ಮನಿ, ಮಗ್ಗುಲಲ್ಲೇ ಫ್ರಾನ್ಸ್. 1985ರ ಜೂನ್ 14ರಂದು ಪ್ರಿನ್ಸೆಸ್ ಮರಿ ಆಸ್ಟ್ರಿಡ್ ಎಂಬ ಹಡಗಿನಲ್ಲಿ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಹತ್ತು ವರ್ಷದ ಮೇಲೆ, 1995ರ ಮಾರ್ಚ್ 26ರಂದು, ಏಳು ದೇಶಗಳ ನಡುವಿನ ಗಡಿ ತಪಾಸಣೆ ನಿಂತಿತು. ಈಗ ಒಕ್ಕೂಟದಲ್ಲಿರುವ ದೇಶಗಳು 29. ಕ್ರೊಯೇಷಿಯಾ 2023ರಲ್ಲಿ ಬಂತು, ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿ 1ಕ್ಕೆ ಪೂರ್ತಿ ಒಳಗಾದವು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳು ಯುರೋಪಿಯನ್ ಯೂನಿಯನ್ನಿನಲ್ಲಿ ಇಲ್ಲದಿದ್ದರೂ ಶೆಂಗೆನ್ನಿನಲ್ಲಿವೆ. ಐರ್ಲೆಂಡ್, ಸೈಪ್ರಸ್ ಯೂನಿಯನ್ನಿನಲ್ಲಿದ್ದೂ ಶೆಂಗೆನ್ನಿನ ಹೊರಗೆ. ಬ್ರಿಟನ್ ಎರಡರಲ್ಲೂ ಇಲ್ಲ. ಟೂರ್ ಪ್ಯಾಕೇಜಿನ ಬಣ್ಣದ ನಕ್ಷೆಯಲ್ಲಿ ಇವೆಲ್ಲ ಒಂದೇ ಯುರೋಪ್, ಕೌಂಟರಿನಲ್ಲಿ ಅಲ್ಲ.

ಒಳಗಿನ ಬಾಗಿಲುಗಳನ್ನೆಲ್ಲ ಕಿತ್ತ ಮನೆಯಲ್ಲಿ ಹೆಬ್ಬಾಗಿಲ ಚಿಲಕದ ಮೇಲೆ ಕಣ್ಣು ಹೆಚ್ಚು. ಆ ಚಿಲಕ ಈಗ ಬದಲಾಗಿದೆ.

2025ರ ಅಕ್ಟೋಬರ್ 12ರಂದು ಪ್ರವೇಶ ನಿರ್ಗಮನ ವ್ಯವಸ್ಥೆ, ಚುಟುಕಾಗಿ ಇಇಎಸ್, ಶುರುವಾಯಿತು. ಕಾನೂನು ಆದದ್ದು 2017ರಲ್ಲೇ. ಯಂತ್ರಗಳು ಸಿದ್ಧವಿಲ್ಲ, ವಿಮಾನ ನಿಲ್ದಾಣಗಳು ಸಿದ್ಧವಿಲ್ಲ ಎಂದು ಮುಂದೂಡಿ ಮುಂದೂಡಿ ಎಂಟು ವರ್ಷ ಕಳೆದಿತ್ತು. ಎಲ್ಲ ಗಡಿಗಳಲ್ಲೂ ಪೂರ್ತಿ ಜಾರಿಗೆ ತರಲು 180 ದಿನ ಇಟ್ಟುಕೊಂಡರು. ಆ ಗಡುವು 2026ರ ಏಪ್ರಿಲ್ 10. ವ್ಯವಸ್ಥೆಯ ತಿರುಳು ಸರಳ. ಮೊದಲು ಗಡಿಯ ಅಧಿಕಾರಿ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಒತ್ತುತ್ತಿದ್ದರು. ಒಳಗೆ ಬಂದದ್ದಕ್ಕೆ ಒಂದು, ಹೊರಗೆ ಹೋದದ್ದಕ್ಕೆ ಒಂದು. ಇನ್ನು ಆ ಜಾಗದಲ್ಲಿ ಕಂಪ್ಯೂಟರಿನ ಒಂದು ಸಾಲು: ಯಾರು, ಯಾವ ದಿನ, ಯಾವ ಗಡಿಯಲ್ಲಿ. ಜೊತೆಗೆ ಮುಖದ ಚಿತ್ರ, ಬೆರಳಚ್ಚು.

ಈ ಬೆರಳಚ್ಚಿನ ಸುದ್ದಿಗೆ ಅಮ್ಮ ಗಾಬರಿಯಾಗಬೇಕಾಗಿಲ್ಲ. ವೀಸಾಕ್ಕೆ ಅರ್ಜಿ ಹಾಕುವಾಗಲೇ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಅವರ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡಿರುತ್ತಾರೆ. ಗಡಿಯಲ್ಲಿ ಮುಖದ ಚಿತ್ರ ಹಿಡಿದು, ಬೆರಳನ್ನು ಆ ಹಳೆಯ ಅಚ್ಚಿಗೆ ಹೋಲಿಸಿ ನೋಡುತ್ತಾರೆ, ಅಷ್ಟೆ. ಮೊದಲ ಸಲ ಬೆರಳೊತ್ತಬೇಕಾದವರು ವೀಸಾ ಇಲ್ಲದೆ ಬರುವ ಅಣ್ಣನಂಥವರು. ಅವರಿಂದ ನಾಲ್ಕು ಬೆರಳಿನ ಅಚ್ಚು, ಮುಖದ ಚಿತ್ರ ಎರಡೂ ಗಡಿಯಲ್ಲೇ ತೆಗೆಯುತ್ತಾರೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಜರ್ಮನಿಯ ವಾಸದ ಕಾರ್ಡು ಇರುವ ಮಗಳು ಈ ವ್ಯವಸ್ಥೆಯ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಕಾರ್ಡು ಮರೆತು ಹೊರಟರೆ ಆ ರಿಯಾಯಿತಿಯೂ ಮನೆಯಲ್ಲೇ ಉಳಿಯುತ್ತದೆ.

ಹೊಸ ಯಂತ್ರ ಎಂದ ಮೇಲೆ ಹೊಸ ಸರತಿ. 2025ರ ಕೊನೆಯಲ್ಲಿ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಸಾಲು ಗಂಟೆಗಟ್ಟಲೆ ಬೆಳೆದು, ಪೋರ್ಚುಗಲ್ ಸರ್ಕಾರ ಅಲ್ಲಿ ಇಇಎಸ್ ಅನ್ನು ಮೂರು ತಿಂಗಳ ಮಟ್ಟಿಗೆ ನಿಲ್ಲಿಸಬೇಕಾಯಿತು. ಟಿಕೆಟ್ ಕಾದಿರಿಸುವವರು ಇದನ್ನು ನೆನಪಿಡಬೇಕು, ಯಾಕೆಂದರೆ ತಪಾಸಣೆ ನಡೆಯುವುದು ಕೊನೆಯ ಊರಿನಲ್ಲಲ್ಲ, ಶೆಂಗೆನ್ ನೆಲದಲ್ಲಿ ಕಾಲಿಡುವ ಮೊದಲ ಊರಿನಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗಿ ಅಲ್ಲಿಂದ ರೋಮಿನ ವಿಮಾನ ಹತ್ತುವವರ ಗಡಿ ಫ್ರಾಂಕ್‌ಫರ್ಟ್. ನಡುವೆ ಒಂದೂಕಾಲು ಗಂಟೆ ಇದೆ ಎಂದು ವೆಬ್‌ಸೈಟ್ ತೋರಿಸಿದ ಟಿಕೆಟ್ ಅಗ್ಗವೇ ಇರಬಹುದು. ಅಗ್ಗವಾಗಿರುವುದಕ್ಕೆ ಕಾರಣವೂ ಅದೇ ಇರಬಹುದು. ದುಬೈ, ದೋಹಾ ಮಾರ್ಗವಾಗಿ ನೇರ ರೋಮಿಗೆ ಇಳಿಯುವವರಿಗೆ ಸರತಿ ರೋಮಿನಲ್ಲಿ. ಅಲ್ಲಿ ತಡವಾದರೆ ಸಿಟ್ಟಾಗುವುದು ಕಾಯುತ್ತಿರುವ ಟ್ಯಾಕ್ಸಿಯವನು ಮಾತ್ರ. ಎರಡು ವಿಮಾನ ಹಿಡಿಯಲೇಬೇಕೆಂದರೆ ಎರಡೂ ಒಂದೇ ಬುಕಿಂಗಿನಲ್ಲಿರಲಿ. ಆಗ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯದು.

ಇನ್ನು ಆ ‘ಹೊಸ ಪರವಾನಗಿ’. ಅದರ ಹೆಸರು ಎಟಿಯಾಸ್. ವೀಸಾ ಬೇಕಿಲ್ಲದ 59 ದೇಶ ಮತ್ತು ಪ್ರದೇಶಗಳ ಜನ, ಅಂದರೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದಂಥ ಕಡೆಯವರು, ಹೊರಡುವ ಮೊದಲು ಅಂತರ್ಜಾಲದಲ್ಲಿ ಪಡೆಯಬೇಕಾದ ಅನುಮತಿ ಇದು. 2026ರ ಕೊನೆಯ ಮೂರು ತಿಂಗಳಲ್ಲಿ ಶುರುಮಾಡುವುದಾಗಿ ಪ್ರಕಟಿಸಿದ್ದಾರೆ. ಶುಲ್ಕ ಮೊದಲು 7 ಯೂರೋ ಎಂದಿತ್ತು, ಆಮೇಲೆ 20 ಮಾಡಿದರು. 18ರ ಕೆಳಗಿನವರಿಗೂ 70 ದಾಟಿದವರಿಗೂ ಶುಲ್ಕವಿಲ್ಲ. ಒಮ್ಮೆ ಸಿಕ್ಕರೆ ಮೂರು ವರ್ಷ, ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ. ನ್ಯೂಜೆರ್ಸಿಯ ಮಗನಿಗೆ ಇದು ಮುಂದೆ ಬೇಕಾಗುತ್ತದೆ. ಮೈಸೂರಿನ ಅಮ್ಮನಿಗೆ ಬೇಡ. ವೀಸಾ ಇರುವವರಿಗೆ ಎಟಿಯಾಸ್ ಇಲ್ಲ. ಇದು ಗೊತ್ತಿಲ್ಲದವರನ್ನೇ ನಂಬಿಕೊಂಡು, ವ್ಯವಸ್ಥೆ ಶುರುವಾಗುವ ಮೊದಲೇ ಅದರ ಹೆಸರಿನ ಜಾಲತಾಣಗಳು ಹುಟ್ಟಿಕೊಂಡಿವೆ. ಅಸಲಿ ತಾಣ ಯುರೋಪಿಯನ್ ಯೂನಿಯನ್ನಿನ ಸ್ವಂತ ವಿಳಾಸದಲ್ಲಿದೆ, ಅದರ ಕೊನೆಯಲ್ಲಿ ‘ಯುರೋಪಾ ಡಾಟ್ ಇಯು’ ಇರುತ್ತದೆ. ಅದಿಲ್ಲದ ಕಡೆ ಕಾರ್ಡಿನ ನಂಬರ್ ಕೊಡುವುದು ಬೇಡ.

ಅಮ್ಮನ ದಾರಿ ಹಳೆಯದೇ: ಶೆಂಗೆನ್ ವೀಸಾ. 2024ರಲ್ಲಿ ಭಾರತದಿಂದ ಈ ವೀಸಾಕ್ಕೆ ಬಂದ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು. ಚೀನಾ, ಟರ್ಕಿಗಳ ನಂತರ ಮೂರನೆಯ ಸ್ಥಾನ. ಅದರಲ್ಲಿ ನೂರಕ್ಕೆ ಸುಮಾರು 15 ತಿರಸ್ಕಾರವಾದವು. ದೊಡ್ಡವರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೊಂದು ವರ್ಷದವರಿಗೆ 45, ಆರರೊಳಗಿನವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ದುಡ್ಡು ವಾಪಸಿಲ್ಲ. ಹೊರಡುವುದಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ತಡವಾದರೂ ತೆಗೆದುಕೊಳ್ಳುವುದಿಲ್ಲ. ತೀರ್ಮಾನಕ್ಕೆ 15 ದಿನ ಎಂದು ನಿಯಮ. ಅನುಮಾನ ಬಂದರೆ 45ರವರೆಗೂ ಎಳೆಯಬಹುದು. ನಿಜವಾದ ಕಷ್ಟ ಇವೆರಡರ ಮಧ್ಯೆ ಇಲ್ಲ, ಅದಕ್ಕೂ ಮೊದಲಿದೆ: ಅಪಾಯಿಂಟ್‌ಮೆಂಟಿನ ಸ್ಲಾಟ್ ಸಿಗುವುದು. ಏಪ್ರಿಲ್ ಮೇ ರಜೆಗೆ ಹೊರಡುವವರೆಲ್ಲ ಫೆಬ್ರುವರಿಯಲ್ಲಿ ಒಟ್ಟಿಗೆ ಎಚ್ಚೆತ್ತುಕೊಳ್ಳುತ್ತಾರೆ.

ಸ್ಲಾಟ್ ಸಿಗದಾಗ ಶುರುವಾಗುವುದೇ ಜಾಣತನ. ‘ಫ್ರಾನ್ಸಿಗೆ ಸ್ಲಾಟ್ ಇಲ್ಲ, ಇನ್ಯಾವುದಕ್ಕೋ ಇದೆ, ಅದಕ್ಕೇ ಹಾಕಿ, ಒಳಗೆ ಹೋದ ಮೇಲೆ ಯಾರು ಕೇಳುತ್ತಾರೆ’ ಎಂದು ಹೇಳಿಕೊಡುವ ಏಜೆಂಟರಿದ್ದಾರೆ. ನಿಯಮ ಹೇಳುವುದು ಬೇರೆ. ಹೆಚ್ಚು ದಿನ ಎಲ್ಲಿ ತಂಗುತ್ತಾರೋ, ಅಥವಾ ಪ್ರಯಾಣದ ಮುಖ್ಯ ಉದ್ದೇಶ ಎಲ್ಲಿದೆಯೋ, ಆ ದೇಶಕ್ಕೆ ಅರ್ಜಿ. ಎಲ್ಲ ಕಡೆಯೂ ಸಮ ದಿನವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸಿನಲ್ಲಿ ನಾಲ್ಕು ರಾತ್ರಿ, ಇಂಟರ್ಲಾಕೆನ್‌ನಲ್ಲಿ ಮೂರು, ವೆನಿಸ್ಸಿನಲ್ಲಿ ಎರಡು ಎಂದರೆ ಅರ್ಜಿ ಫ್ರಾನ್ಸಿಗೆ, ವಿಮಾನ ಇಳಿಯುವುದು ವೆನಿಸ್ಸಿನಲ್ಲೇ ಆದರೂ. ‘ಯಾರು ಕೇಳುತ್ತಾರೆ’ ಎಂಬ ಮಾತಿಗೆ ಮೊದಲು ಸ್ವಲ್ಪ ಬೆಲೆ ಇತ್ತು, ಯಾಕೆಂದರೆ ಠಸ್ಸೆಗಳನ್ನು ಕೂತು ಓದುವವರು ಕಡಿಮೆ. ಈಗ ಯಾವ ಗಡಿಯಲ್ಲಿ ಒಳಬಂದರು, ಯಾವುದರಲ್ಲಿ ಹೊರಟರು ಎಂಬ ದಾಖಲೆ ಮೂರು ವರ್ಷ ಉಳಿಯುತ್ತದೆ. ಹೊರಟ ದಾಖಲೆಯೇ ಇಲ್ಲದಿದ್ದರೆ ಐದು ವರ್ಷ. ವೀಸಾ ಅರ್ಜಿಯ ವಿವರ, ತಿರಸ್ಕಾರವೂ ಸೇರಿ, ಅದರದೇ ಬೇರೆ ಕಡತದಲ್ಲಿ ಐದು ವರ್ಷ. ಮುಂದಿನ ಸಲ ಅರ್ಜಿ ನೋಡುವವರ ಎದುರಿಗೆ ಹಿಂದಿನ ಸಲದ ಕತೆ ತೆರೆದಿರುತ್ತದೆ.

ಕಾಗದಪತ್ರಗಳ ಪಟ್ಟಿ ಎಲ್ಲ ಏಜೆಂಟರ ಬಳಿಯೂ ಇರುತ್ತದೆ: ಪಾಸ್‌ಪೋರ್ಟ್, ಫೋಟೊ, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆಯ ವಿವರ, ತಂಗುವ ಜಾಗದ ಪುರಾವೆ. ಪಟ್ಟಿಯಲ್ಲಿ ಇಲ್ಲದ್ದು ಒಂದೇ, ಅವೆಲ್ಲ ಸೇರಿ ಒಂದೇ ಕತೆ ಹೇಳಬೇಕು ಎಂಬುದು. ತಿರಸ್ಕಾರದ ಪತ್ರದಲ್ಲಿ ಅಚ್ಚಾಗಿ ಬರುವ ಕಾರಣಗಳಲ್ಲಿ ಎರಡು ತುಂಬ ಪರಿಚಿತ: ಪ್ರಯಾಣದ ಉದ್ದೇಶ ನಂಬುವಂತಿಲ್ಲ, ವೀಸಾ ಮುಗಿಯುವ ಮೊದಲು ಹಿಂದಿರುಗುತ್ತಾರೆಂಬ ಬಗ್ಗೆ ಅನುಮಾನವಿದೆ. ತಿಂಗಳುಗಟ್ಟಲೆ ಮೂವತ್ತು ಸಾವಿರ ಇದ್ದ ಖಾತೆಗೆ ಅರ್ಜಿಯ ಹಿಂದಿನ ವಾರ ಆರು ಲಕ್ಷ ಬಂದು ಕೂತರೆ, ಆ ದುಡ್ಡು ಅರ್ಜಿದಾರರ ಪರವಾಗಿ ಅಲ್ಲ, ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ನೌಕರಿಯಲ್ಲಿರುವವರಿಗೆ ರಜೆಯ ಪತ್ರ ಇದೆ, ನಿವೃತ್ತರಿಗೆ ಪಿಂಚಣಿಯ ಕಾಗದ ಇದೆ. ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೆ? ಅವರ ಬೇರು ಎಲ್ಲರಿಗಿಂತ ಗಟ್ಟಿ, ಆದರೆ ಅದು ಪಹಣಿಯಲ್ಲಿದೆ, ಪಹಣಿ ಕನ್ನಡದಲ್ಲಿದೆ. ಇಂಗ್ಲಿಷಿಗೆ ಅನುವಾದ ಮಾಡಿಸಿ ಮೂಲದ ಜೊತೆ ಇಡಬೇಕು. ಮಾರಾಟದ ಬಿಲ್ಲು, ಸೊಸೈಟಿಯ ಲೆಕ್ಕ ಇದ್ದರೆ ಅದನ್ನೂ. ಎಕರೆಗಟ್ಟಲೆ ತೋಟವಿದ್ದೂ ಅದನ್ನು ತೋರಿಸದೆ, ಮಗನ ಸಂಬಳದ ಚೀಟಿಯೊಂದನ್ನೇ ಲಗತ್ತಿಸಿ ಕಳಿಸುವವರುಂಟು.

ಬಾಣಂತನದ ಅಮ್ಮನಿಗೆ ಜರ್ಮನಿಯಲ್ಲಿ ಒಂದು ಅನುಕೂಲವಿದೆ. ಖರ್ಚನ್ನೆಲ್ಲ ತಾನೇ ಭರಿಸುತ್ತೇನೆ ಎಂದು ಮಗಳು ಅಥವಾ ಅಳಿಯ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಕಾನೂನು ಪ್ರಕಾರ ಬರೆದುಕೊಡಬಹುದು. ಅದರ ಜರ್ಮನ್ ಹೆಸರು ಫೆರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್. ಹೆಸರಿಗೆ ತಕ್ಕಂತೆ ಜವಾಬ್ದಾರಿಯೂ ಉದ್ದವೇ. ಸುಮ್ಮನೆ ಬರೆದ ಆಮಂತ್ರಣ ಪತ್ರದ ಹಾಗಲ್ಲ ಇದು. ಅಮ್ಮನ ಮೇಲೆ ಅಲ್ಲಿನ ಸರ್ಕಾರಕ್ಕೆ ಖರ್ಚು ಬಿದ್ದರೆ ಬರೆದುಕೊಟ್ಟವರಿಂದ ವಸೂಲು ಮಾಡಬಹುದು. ಅದಕ್ಕೇ ವಿಮೆಯನ್ನು ಬರೀ ವೀಸಾಕ್ಕಾಗಿ ಕೊಳ್ಳುವ ಕಾಗದ ಎಂದು ನೋಡಬಾರದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಇರಬೇಕೆಂಬುದು ನಿಯಮ. ಬಿಪಿ, ಶುಗರ್ ಮೊದಲೇ ಇದ್ದರೆ ಅದರಿಂದ ಬರುವ ತೊಂದರೆಗೆ ವಿಮೆ ಎಷ್ಟು ಕೊಡುತ್ತದೆ ಎಂಬುದು ಸಣ್ಣಕ್ಷರದ ಪುಟದಲ್ಲಿರುತ್ತದೆ. ಮೂರು ತಿಂಗಳು ಹೋಗುವ ಅರುವತ್ತೆರಡರ ಹೆಂಗಸಿಗೆ ಆ ಪುಟವೇ ಮುಖ್ಯ.

ಹೆಸರಿನ ವಿಚಾರ ಕನ್ನಡನಾಡಿನವರಿಗೆ ಬೇರೆಯೇ ತಲೆನೋವು. ಊರಿನ ಹೆಸರು, ಅಪ್ಪನ ಹೆಸರು, ನಡುವೆ ಎರಡು ಇನಿಷಿಯಲ್ಲು. ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಇರಬೇಕಾದ ಜಾಗ ಖಾಲಿ. ಟಿಕೆಟ್ ಕಾದಿರಿಸುವ ತಾಣಗಳು ಖಾಲಿ ಜಾಗವನ್ನು ಒಪ್ಪುವುದಿಲ್ಲ. ಆಗ ಇದ್ದ ಒಂದೇ ಹೆಸರನ್ನು ಎರಡು ಸಲ ಬರೆಯುವುದು, ಇನಿಷಿಯಲ್ ಬಿಡಿಸಿ ಬರೆಯುವುದು ನಡೆಯುತ್ತದೆ. ಟಿಕೆಟಿನಲ್ಲಿ ಒಂದು, ವಿಮೆಯಲ್ಲಿ ಇನ್ನೊಂದು, ವೀಸಾ ಅರ್ಜಿಯಲ್ಲಿ ಮತ್ತೊಂದು ಆಗದ ಹಾಗೆ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡುವುದೊಂದೇ ಉಪಾಯ. ಬಿಡುವಿದ್ದವರು ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರ್‌ನೇಮ್ ಸರಿಮಾಡಿಸಿಕೊಳ್ಳುವುದು ಮೇಲು.

ವೀಸಾ ಬಂತೆನ್ನಿ. ಪಾಸ್‌ಪೋರ್ಟಿನ ಪುಟದಲ್ಲಿ ಅಂಟಿಸಿದ ಆ ಚೀಟಿಯನ್ನು ಓದುವುದರಲ್ಲೇ ಅರ್ಧ ತಪ್ಪುಗಳಾಗುತ್ತವೆ. ಅದರಲ್ಲಿ ಮೂರು ಲೆಕ್ಕಗಳಿವೆ: ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ, ಒಟ್ಟು ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಬರಬಹುದು. ಅಮ್ಮನ ಚೀಟಿಯಲ್ಲಿ ಮಾರ್ಚ್ 1ರಿಂದ ಜೂನ್ 13 ಎಂದಿದೆ, ಕೆಳಗೆ 90 ದಿನ ಎಂದಿದೆ ಎಂದುಕೊಳ್ಳೋಣ. ಜೂನ್ 13ರವರೆಗೆ ಇರಬಹುದು ಎಂದು ಇದರ ಅರ್ಥವಲ್ಲ. ಪ್ರಯಾಣ ಹಿಂದೆ ಮುಂದೆ ಆದೀತೆಂದು ಸಾಮಾನ್ಯವಾಗಿ 15 ದಿನ ಹೆಚ್ಚಿಗೆ ಕೊಟ್ಟಿರುತ್ತಾರೆ, ಅಷ್ಟೆ. ಹೆರಿಗೆಯ ದಿನ ಯಾವ ದೂತಾವಾಸದ ಮಾತೂ ಕೇಳುವುದಿಲ್ಲವಾದ್ದರಿಂದ ಈ 15 ದಿನ ಬಾಣಂತನಕ್ಕೆ ದೊಡ್ಡ ಉಪಕಾರ. ಮಾರ್ಚ್ 1ಕ್ಕೇ ಇಳಿದರೆ ಮೇ 29ಕ್ಕೆ ಹೊರಡಬೇಕು. ಮಾರ್ಚ್ 16ಕ್ಕೆ ಇಳಿದರೆ ಜೂನ್ 13ರವರೆಗೂ ಪೂರಾ 90 ದಿನ. ಇಳಿದ ದಿನವೂ ಲೆಕ್ಕಕ್ಕೆ, ವಿಮಾನ ಹತ್ತುವ ದಿನವೂ ಲೆಕ್ಕಕ್ಕೆ. ಮೂರು ತಿಂಗಳು ಎಂದರೆ 90 ದಿನವಲ್ಲ. ಮಾರ್ಚ್, ಏಪ್ರಿಲ್, ಮೇ ಸೇರಿದರೆ 92.

ಆ 90 ದಿನವೂ ಬಿಡಿಯಾಗಿ ನಿಲ್ಲುವುದಿಲ್ಲ. ಯಾವುದೇ ದಿನ ನಿಂತು ಹಿಂದಕ್ಕೆ 180 ದಿನ ಎಣಿಸಿದರೆ, ಅದರೊಳಗೆ ಶೆಂಗೆನ್ನಿನಲ್ಲಿ ಕಳೆದ ದಿನಗಳು 90 ಮೀರಿರಬಾರದು. ಪಂಚಾಂಗದ ವರ್ಷದ ಹಾಗೆ ಇದು ಒಂದು ದಿನಾಂಕಕ್ಕೆ ಮುಗಿದು ಹೊಸದಾಗಿ ಶುರುವಾಗುವ ಲೆಕ್ಕವಲ್ಲ, ದಿನ ದಿನ ಮುಂದಕ್ಕೆ ಸರಿಯುವ ಕಿಟಕಿ. ಮಾರ್ಚ್ 1ರಿಂದ ಮೇ 29ರವರೆಗೆ ಇದ್ದು ಬಂದ ಅಮ್ಮ ಮತ್ತೆ ಒಳಗೆ ಕಾಲಿಡಬಹುದಾದ ಮೊದಲ ದಿನ ಆಗಸ್ಟ್ 28. ಆ ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 1 ಕಿಟಕಿಯಿಂದ ಆಚೆ ಬಿದ್ದಿರುತ್ತದೆ, ಒಂದು ದಿನದ ಜಾಗ ಖಾಲಿಯಾಗಿರುತ್ತದೆ. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ಹಿಂದೆ ಈ ಎಣಿಕೆಯನ್ನು ಗಡಿಯ ಅಧಿಕಾರಿ ಮಸುಕಾದ ಠಸ್ಸೆಗಳನ್ನು ಹುಡುಕಿ ಹುಡುಕಿ ಮಾಡಬೇಕಿತ್ತು, ಹಿಂದೆ ದೊಡ್ಡ ಸಾಲಿದ್ದರೆ ಮಾಡುತ್ತಲೂ ಇರಲಿಲ್ಲ. ಎರಡು ದಿನ ಹೆಚ್ಚು ಇದ್ದು ಏನೂ ಆಗದೆ ಬಂದವರ ಕತೆಗಳು ಇನ್ನೂ ಚಾಲ್ತಿಯಲ್ಲಿವೆ, ಮದುವೆ ಮನೆಯ ಊಟದ ಸಾಲಿನಲ್ಲಿ ಇಂಥ ಒಬ್ಬರಾದರೂ ಪಕ್ಕಕ್ಕೆ ಸಿಗುತ್ತಾರೆ. ಅವರ ಅನುಭವ ನಿಜವೇ, ಠಸ್ಸೆಯ ಕಾಲದ್ದು. ಇಇಎಸ್ ಬಂದ ಮೇಲೆ 91ನೆಯ ದಿನ ಯಾರ ಕಣ್ಣಿಗೂ ಬೀಳಬೇಕಾಗಿಲ್ಲ. ಅವಧಿ ಮೀರಿದವರ ಪಟ್ಟಿಯನ್ನು ಯಂತ್ರವೇ ಮಾಡುತ್ತದೆ.

ಆದ್ದರಿಂದ ವಾಪಸು ಟಿಕೆಟನ್ನು 90ನೆಯ ದಿನಕ್ಕೇ ಮಾಡಿಸುವುದು ಧೈರ್ಯವಲ್ಲ, ಹುಂಬತನ. ಮುಷ್ಕರವಾಗಿ ವಿಮಾನ ರದ್ದಾದರೆ, ಅಮ್ಮನೇ ಆಸ್ಪತ್ರೆ ಸೇರಿದರೆ ವೀಸಾ ವಿಸ್ತರಣೆಗೆ ಅವಕಾಶವಿದೆ, ಕೈಮೀರಿದ ಕಾರಣವಾದರೆ ಶುಲ್ಕವೂ ಇಲ್ಲ. ಆದರೆ ಅವಧಿ ಮುಗಿಯುವ ಮೊದಲೇ ಅಲ್ಲಿನ ಕಚೇರಿಗೆ ಪುರಾವೆ ಹಿಡಿದು ಹೋಗಬೇಕು. ಮೂರು ನಾಲ್ಕು ದಿನ ಕೈಯಲ್ಲಿಟ್ಟುಕೊಂಡು ಟಿಕೆಟ್ ಮಾಡಿಸಿದವರಿಗೆ ಆ ಓಡಾಟ ತಪ್ಪುತ್ತದೆ.

ಎಷ್ಟು ಸಲ ಒಳಗೆ ಬರಬಹುದು ಎಂಬ ಸಣ್ಣ ಅಂಕಿಯನ್ನು ಮರೆತವರೂ ಪಾಡು ಪಟ್ಟಿದ್ದಾರೆ. ಕೂಸಿಗೆ ಎರಡು ತಿಂಗಳಾಯಿತು, ಅಮ್ಮನಿಗೂ ಸ್ವಲ್ಪ ಊರು ತೋರಿಸೋಣ ಎಂದು ಮಗಳು ಅಳಿಯ ಹೊರಡಿಸುತ್ತಾರೆ. ಜ್ಯೂರಿಕ್‌ಗೆ ಹೋದರೆ ತೊಂದರೆಯಿಲ್ಲ, ಅದು ಶೆಂಗೆನ್ನಿನ ಒಳಗೇ. ಲಂಡನ್ನಿಗೆ ಎಂದರೆ ಬ್ರಿಟನ್ನಿನ ಬೇರೆ ವೀಸಾ ಬೇಕು. ಅದಿದ್ದರೂ, ಶೆಂಗೆನ್ ಚೀಟಿಯಲ್ಲಿ ‘01’ ಎಂದಿದ್ದರೆ ಲಂಡನ್ನಿಗೆ ಹಾರಿದ ಕ್ಷಣ ಆ ವೀಸಾ ಮುಗಿಯಿತು. ಅಲ್ಲಿಂದ ಮ್ಯೂನಿಕ್‌ಗೆ ಮರಳುವ ದಾರಿ ಇಲ್ಲ, ಬೆಂಗಳೂರಿಗೆ ಮಾತ್ರ. ಒಂದೆರಡು ಸಲದ ವೀಸಾ ಇನ್ನೂ ಉಳಿದಿದೆಯೇ ಎಂದು ವಿಮಾನ ಸಂಸ್ಥೆಗಳು ಹತ್ತಿಸುವ ಮೊದಲೇ ವಿಚಾರಿಸಿಕೊಳ್ಳುವ ಏರ್ಪಾಡು ಇಇಎಸ್‌ನಲ್ಲಿದೆ.

ಜ್ಯೂರಿಕ್‌ಗೆ ಹೋಗುವಾಗಲೂ ಪಾಸ್‌ಪೋರ್ಟ್ ಮನೆಯಲ್ಲಿ ಬಿಡುವಂತಿಲ್ಲ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಶೆಂಗೆನ್ ಒಪ್ಪಂದ ಕಿತ್ತೆಸೆದ ಬಾಗಿಲುಗಳಲ್ಲಿ ಕೆಲವನ್ನು ಆಗಾಗ ತಾತ್ಕಾಲಿಕ ಎಂಬ ಹೆಸರಿನಲ್ಲಿ ಮತ್ತೆ ಹಾಕುತ್ತಾರೆ. ಸಾಲ್ಸ್‌ಬರ್ಗಿನಿಂದ ಮ್ಯೂನಿಕ್‌ಗೆ ಬರುವ ರೈಲಿಗೆ ಪೊಲೀಸರು ಹತ್ತಿ ಕಾಗದ ಕೇಳಿದರೆ ಅಚ್ಚರಿಯಿಲ್ಲ. ಮೊಬೈಲಿನಲ್ಲಿರುವ ಫೋಟೊ ತೋರಿಸಿದರೆ ನಡೆಯುವುದಿಲ್ಲ.

ಭಾರತೀಯರಿಗೆ ಸಡಿಲವಾದ ನಿಯಮವೂ ಒಂದಿದೆ, ಅದಕ್ಕೆ ಬೆರಳಚ್ಚಿನ ಸುದ್ದಿಯಷ್ಟು ಪ್ರಚಾರ ಸಿಗಲಿಲ್ಲ. 2024ರ ಏಪ್ರಿಲ್ 18ರಂದು ಯುರೋಪಿಯನ್ ಕಮಿಷನ್ ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ಒಂದು ಮೆಟ್ಟಿಲು ಕಟ್ಟಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು, ಎರಡನ್ನೂ ನಿಯಮ ಮೀರದೆ ಬಳಸಿದವರಿಗೆ ಮುಂದಿನ ಸಲ ಎರಡು ವರ್ಷದ, ಎಷ್ಟು ಸಲವಾದರೂ ಹೋಗಿಬರುವ ವೀಸಾ; ಅದಾದ ಮೇಲೆ ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಐದು ವರ್ಷದ್ದು. ಮಕ್ಕಳು ಅಲ್ಲಿರುವ ತಂದೆ ತಾಯಿಗಳಿಗೆ ಇದಕ್ಕಿಂತ ದೊಡ್ಡ ಲಾಭವಿಲ್ಲ. ಹಾಗೆಂದು ಐದು ವರ್ಷದ ವೀಸಾ ಸಿಕ್ಕವರಿಗೂ 180ರ ಕಿಟಕಿ ತಪ್ಪಿದ್ದಲ್ಲ. ವೀಸಾ ಎಷ್ಟು ಉದ್ದವಾದರೂ ಒಂದೇ ಉಸಿರಿಗೆ 90 ದಿನ ಮಾತ್ರ. ಬೆರಳಚ್ಚಿನ ವಿಷಯದಲ್ಲೂ ಹೀಗೊಂದು ರಿಯಾಯಿತಿ: ಒಮ್ಮೆ ಕೊಟ್ಟ ಅಚ್ಚು 59 ತಿಂಗಳು ನಡೆಯುತ್ತದೆ.

ಕೊನೆಗೆ ಉಳಿಯುವುದು ಸೂಟ್‌ಕೇಸು, ಅಮ್ಮನಿಗೆ ಎಲ್ಲಕ್ಕಿಂತ ಮೊದಲು ನೆನಪಾದದ್ದು. ಅದಕ್ಕೂ ಪ್ರವೇಶ ನಿಯಮಗಳಿವೆ, ಮನುಷ್ಯರದಕ್ಕಿಂತ ಕಟುವಾದವು. ಯುರೋಪಿಯನ್ ಯೂನಿಯನ್ ಹೊರದೇಶಗಳಿಂದ ಪ್ರಯಾಣಿಕರ ಚೀಲದಲ್ಲಿ ಬರುವ ಮಾಂಸಕ್ಕೂ ಹಾಲಿನ ಪದಾರ್ಥಕ್ಕೂ ಬಾಗಿಲು ಮುಚ್ಚಿದೆ. ಬಾಣಂತಿಗೆಂದು ಮನೆಯಲ್ಲೇ ಕಾಯಿಸಿದ ತುಪ್ಪದ ಡಬ್ಬಿ ಈ ಸಾಲಿಗೆ ಸೇರುತ್ತದೆ; ಎಷ್ಟು ಘಮಘಮಿಸಿದರೆ ಅಷ್ಟು ಬೇಗ ಸಿಕ್ಕಿಬೀಳುತ್ತದೆ. 2019ರ ಡಿಸೆಂಬರ್ 14ರಿಂದ ತಾಜಾ ಹಣ್ಣು, ಸೊಪ್ಪು, ಎಲೆಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಸಿಕ್ಕಿರುವುದು ಐದೇ ಹಣ್ಣಿಗೆ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್. ಅಂದರೆ ನಾಮಕರಣದ ತಟ್ಟೆಯಲ್ಲಿ ಬಾಳೆಹಣ್ಣಿಗೆ, ತೆಂಗಿನಕಾಯಿಗೆ ಪ್ರವೇಶ ಉಂಟು, ವೀಳ್ಯದೆಲೆಗೆ ಇಲ್ಲ. ಕರಿಬೇವಿಗೂ ಇಲ್ಲ, ಮಾವಿನ ಹಣ್ಣಿಗೂ ಇಲ್ಲ. ಒಣಕೊಬ್ಬರಿಯದು ಇನ್ನೊಂದು ತಕರಾರು, ಎಣ್ಣೆಯ ಅಂಶದಿಂದ ಬೆಂಕಿಯ ಅಪಾಯವೆಂದು ಅದನ್ನು ಇಲ್ಲಿಯ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಒಣಶುಂಠಿ, ಮೆಣಸು, ಮೆಂತ್ಯ, ಸಾರಿನ ಪುಡಿಯ ಡಬ್ಬಿಗಳು ಇವೆಲ್ಲದರ ನಡುವೆ ಸದ್ದಿಲ್ಲದೆ ದಾಟಿಬಿಡುತ್ತವೆ. ತುಪ್ಪ ಮಗಳು ಅಲ್ಲೇ ಬೆಣ್ಣೆ ತಂದು ಕಾಯಿಸಿಕೊಳ್ಳಬೇಕು.

90 ದಿನದ ಬೇಲಿಗೆ ಇಂಥ ಮನೆಗಳು ಒಂದು ಪಾಳಿ ಪದ್ಧತಿಯನ್ನು ಕಂಡುಕೊಂಡಿವೆ. ಮೊದಲ 90 ದಿನ ತಾಯಿ, ಮುಂದಿನ 90 ಅತ್ತೆ. ಮೈಸೂರಿನ ಅಮ್ಮ ಮೇ 29ಕ್ಕೆ ಹೊರಡುವ ಮೊದಲು, ಮೇ 28ಕ್ಕೆ, ಹುಬ್ಬಳ್ಳಿಯ ಬೀಗಿತ್ತಿ ಮ್ಯೂನಿಕ್‌ನಲ್ಲಿ ಇಳಿಯಬೇಕು. ಯಾವ ಪುಡಿ ಯಾವ ಡಬ್ಬಿಯಲ್ಲಿದೆ, ಕೂಸು ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಹೇಳಿಕೊಡಲು ಒಂದು ದಿನ ಸಾಕು. ಬೀಗಿತ್ತಿಯ 90 ಆಗಸ್ಟ್ 25ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಅಮ್ಮನಿಗೆ ಎರಡನೆಯ ವೀಸಾ ಸಿಕ್ಕಿದ್ದರೆ 28ಕ್ಕೆ ಅವರು ಮತ್ತೆ ಬರಬಹುದು. ನಡುವೆ ಮಗಳು ಅಳಿಯ ಇಬ್ಬರೇ ನಿಭಾಯಿಸಬೇಕಾದ್ದು ಎರಡು ದಿನ. ಅಳಿಯ ಇದನ್ನೆಲ್ಲ ಒಂದು ಹಾಳೆಯಲ್ಲಿ ಬಣ್ಣ ಹಚ್ಚಿ ಬರೆದು ಎರಡೂ ಮನೆಗೆ ಕಳಿಸುತ್ತಾನೆ. ಹುಬ್ಬಳ್ಳಿಯಲ್ಲಿ ಬೀಗಿತ್ತಿ ಕಪಾಟು ತೆಗೆದು, ರೇಷ್ಮೆ ಸೀರೆಯ ಮಡಿಕೆಯೊಳಗಿಂದ ಪಾಸ್‌ಪೋರ್ಟ್ ಎತ್ತಿ, ಕನ್ನಡಕ ಹಾಕಿಕೊಂಡು ದಿನಾಂಕ ಓದುತ್ತಾರೆ. ಅಕ್ಟೋಬರ್ 10ಕ್ಕೆ ಮುಗಿಯುತ್ತದೆ. ವಾಪಸು ಬರುವುದೇ ಆಗಸ್ಟಿನಲ್ಲಿ, ಇನ್ನೂ ಟೈಮ್ ಐತಲ್ಲ ಎಂದು ಅವರು ಫೋನಿನಲ್ಲಿ ಕೇಳುತ್ತಾರೆ. ಶೆಂಗೆನ್ನಿನಿಂದ ಹೊರಡುವ ದಿನದ ಮೇಲೆ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಅಂದರೆ ನವೆಂಬರ್ 25ರವರೆಗೆ. ನಾಳೆ ಬೆಳಿಗ್ಗೆಯೇ ಪಾಸ್‌ಪೋರ್ಟ್ ಸೇವಾ ಕೇಂದ್ರದ ಅಪಾಯಿಂಟ್‌ಮೆಂಟ್ ನೋಡು ಎಂದು ಅಳಿಯ ತನ್ನ ತಮ್ಮನಿಗೆ ಮೆಸೇಜ್ ಹಾಕುತ್ತಾನೆ.